ಬೇತ್‌ಹೋರೋನ್ ಇಳಿಜಾರಿನಲ್ಲಿ ರೋಮ್ ಸೋತದ್ದು ಹೇಗೆ? ಒಬ್ಬ ಶಿಕ್ಷಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ರೋಮ್ ಪಾಠದ ದಿನ ಒಬ್ಬ ಹುಡುಗ ತಾನು ನೋಡಿದ ವಿಡಿಯೊ ಬಗ್ಗೆ ಹೇಳಿದ. ಕ್ರಿ.ಶ. 66ರಲ್ಲಿ ಜೆರುಸಲೇಮ್ ಹತ್ತಿರದ ಬೇತ್‌ಹೋರೋನ್ ಎಂಬಲ್ಲಿ ಕಲ್ಲು, ದೊಣ್ಣೆ ಹಿಡಿದ ಯೆಹೂದಿ ರೈತರು 30,000 ರೋಮನ್ ಸೈನಿಕರನ್ನು ಪೂರ್ತಿ ನಾಶ ಮಾಡಿದರಂತೆ. ಒಂದು ಲೀಜನ್ (ಸುಮಾರು ಐದು ಸಾವಿರ ಜನರ ರೋಮನ್ ಸೇನಾದಳ) ಇಲ್ಲವೇ ಆಯಿತಂತೆ, ಅದರ ಹದ್ದಿನ ಲಾಂಛನವನ್ನೂ ಕಿತ್ತುಕೊಂಡರಂತೆ. ಚರ್ಚಿಗೆ ಹೋಗುವ ಒಬ್ಬಳು ಹುಡುಗಿ, ಕ್ರೈಸ್ತರು ತಪ್ಪಿಸಿಕೊಳ್ಳಲಿ ಅಂತ ದೇವರೇ ರೋಮನ್ನರನ್ನು ವಾಪಸ್ ಕಳಿಸಿದ ಎಂದಳು. ನಾನು ಹುಡುಕಿದಾಗ, ಇದನ್ನು ಬರೆದ ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೀಫಸ್ ನಂಬಿಕೆಗೆ ಯೋಗ್ಯನೇ ಅಲ್ಲ ಎನ್ನುವವರೂ ಸಿಕ್ಕರು. ಇಷ್ಟು ದೊಡ್ಡ ಗೆಲುವಾದ ಮೇಲೆ ನಾಲ್ಕೇ ವರ್ಷಕ್ಕೆ ಜೆರುಸಲೇಮ್ ಹೇಗೆ ಬಿತ್ತು ಎಂದು ಮಕ್ಕಳು ಕೇಳುತ್ತಿದ್ದಾರೆ. ಏನು ಹೇಳಲಿ, ಏನು ಬಿಡಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಇದು ನಿಜವಾಗಿ ನಡೆದದ್ದೋ, ಕಟ್ಟುಕಥೆಯೋ ಎನ್ನುವುದು ಒಂದು. ನಿಜವೇ ಆದರೆ ಮಕ್ಕಳಿಗೆ ತಪ್ಪು ಅರ್ಥ ಆಗದ ಹಾಗೆ ಹೇಳುವುದು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಸೋಲು ನಿಜ, ದೊಡ್ಡ ಸೋಲೇ. ಆದರೆ ವಿಡಿಯೊದಲ್ಲಿ ಹೇಳಿದ ಹಾಗೆ ಆಗಲಿಲ್ಲ. ಪ್ರಾಚೀನ ರೋಮ್ ಇತಿಹಾಸವನ್ನು ಪದವಿ ತರಗತಿಗಳಿಗೆ ಬಹಳ ವರ್ಷ ಪಾಠ ಮಾಡಿದ್ದೇನೆ. ಈ ಯುದ್ಧದ ಮಾತು ಬಂದರೆ ವಿದ್ಯಾರ್ಥಿಗಳು ಕತ್ತಿ, ಗುರಾಣಿ ಬಗ್ಗೆ ಕೇಳುತ್ತಾರೆ. ನಾನು ಹೇಸರಗತ್ತೆಗಳ ಬಗ್ಗೆ ಕೇಳುತ್ತೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ಹಿನ್ನೆಲೆ. 66ರಲ್ಲಿ ರೋಮಿನಲ್ಲಿ ನೀರೋ ಚಕ್ರವರ್ತಿ. ಯೆಹೂದಿಗಳ ನಾಡು ಯೂದಾಯದ ರೋಮನ್ ಅಧಿಕಾರಿ ಗೆಸ್ಸಿಯಸ್ ಫ್ಲೋರಸ್ ಜೆರುಸಲೇಮಿನ ದೇವಾಲಯದ ಖಜಾನೆಯಿಂದ 17 ತಲಾಂತು (ಆ ಕಾಲದ ದೊಡ್ಡ ತೂಕದ ಮಾನ) ಹಣ ತೆಗೆಸಿದ. ಜನ ತಿರುಗಿಬಿದ್ದರು, ಅವನ ಸೈನಿಕರು ಪೇಟೆಯಲ್ಲೇ ಕೊಂದರು. ಆಮೇಲೆ ದೇವಾಲಯದ ಅಧಿಕಾರಿ ಎಲಿಯಾಜರ್ ಚಕ್ರವರ್ತಿಯ ಹೆಸರಿನ ಬಲಿಯನ್ನು ನಿಲ್ಲಿಸಿಬಿಟ್ಟ. ರೋಮಿನ ಕಣ್ಣಲ್ಲಿ ಅದು ನೇರ ದಂಗೆ. ನಗರದಲ್ಲಿದ್ದ ರೋಮನ್ ತುಕಡಿ ಪ್ರಾಣ ಉಳಿಸುವ ಮಾತಿನ ಮೇಲೆ ಆಯುಧ ಕೆಳಗಿಟ್ಟಿತು. ಮಾತು ತಪ್ಪಿ ಅವರನ್ನು ಕೊಂದರು. ಇದನ್ನು ಬಿಟ್ಟು ಮುಂದೆ ಹೋಗಬೇಡಿ ಮೇಡಂ. ಒಂದೇ ಕಡೆ ಕ್ರೌರ್ಯ ಇತ್ತು ಅಂತ ಮಕ್ಕಳಿಗೆ ಅನಿಸಬಾರದು.

ದಂಗೆ ಅಡಗಿಸುವ ಹೊಣೆ ಸಿರಿಯಾದ ರಾಜ್ಯಪಾಲ ಸೆಸ್ಟಿಯಸ್ ಗ್ಯಾಲಸ್‌ನದು. ಅವನು ಅಂತಿಯೋಕ್ಯದಿಂದ ಹೊರಟ. ಜೊತೆಗೆ 12ನೇ ಲೀಜನ್ ಪೂರ್ತಿ, ಉಳಿದ ಲೀಜನ್‌ಗಳಿಂದ ಆಯ್ದ ತಲಾ 2,000 ಜನ, ಆರು ಕಾಲಾಳು ತುಕಡಿ, ನಾಲ್ಕು ಕುದುರೆ ದಳ. ಇದು ರೋಮಿನ ಸ್ವಂತ ಸೈನ್ಯ. ಉಳಿದದ್ದು ಸಾಮಂತ ರಾಜರದು. ಕೊಮ್ಮಗೇನೆಯ ಅಂತಿಯೋಕ 2,000 ಕುದುರೆ ಸವಾರರನ್ನೂ 3,000 ಬಿಲ್ಲುಗಾರರನ್ನೂ ಕೊಟ್ಟ. ಎಮೆಸಾದ ಸೊಹೇಮಸ್ 4,000 ಜನರನ್ನು ಕರೆತಂದ. ಎರಡನೇ ಅಗ್ರಿಪ್ಪ ತನ್ನ ಪಡೆಯ ಜೊತೆ ತಾನೇ ಬಂದ. ದಾರಿಯಲ್ಲಿ ಯೆಹೂದಿಗಳ ಮೇಲೆ ಹಗೆಯಿದ್ದ ಊರುಗಳ ಜನರೂ ಸೇರಿಕೊಂಡರು. ಎಲ್ಲ ಸೇರಿ ಸುಮಾರು 30,000 ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ.

ಅಂದರೆ '30,000 ರೋಮನ್ನರು' ಎನ್ನುವ ಮಾತು ಇಲ್ಲೇ ಬಿದ್ದುಹೋಯಿತು. ಇನ್ನೊಂದು ವಿಷಯ ಗಮನಿಸಿ. ಅಗ್ರಿಪ್ಪ ಸ್ವತಃ ಯೆಹೂದಿ ರಾಜ. ಗಲಿಲಾಯದ ದೊಡ್ಡ ಊರು ಸೆಪ್ಫೋರಿಸ್ ರೋಮನ್ನರನ್ನು ಸಂತೋಷದಿಂದ ಬರಮಾಡಿಕೊಂಡಿತು. ಹಾಗಾಗಿ ಯೆಹೂದಿಗಳು ಒಂದು ಕಡೆ, ರೋಮನ್ನರು ಒಂದು ಕಡೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯಲು ಆಗುವುದಿಲ್ಲ.

ಗ್ಯಾಲಸ್ ಸಮುದ್ರದಂಚಿನ ಪ್ತೊಲೆಮಾಯಿಸ್‌ಗೆ ಬಂದು ಅಲ್ಲಿಂದ ದಕ್ಷಿಣಕ್ಕೆ ಇಳಿದ. ಪ್ತೊಲೆಮಾಯಿಸ್ ಎಂದರೆ ಇಂದಿನ ಅಕ್ಕೋ. ಅದರ ಎದುರಿಗೆ, ಕೊಲ್ಲಿಯ ಆ ಬದಿಗೆ ಹೈಫಾ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಸೇರಿ ಗೆದ್ದ ಊರು ಅದೇ. ನಕ್ಷೆ ತೋರಿಸುವಾಗ ಇದನ್ನು ಹೇಳಿ, ಮಕ್ಕಳಿಗೆ ಆ ಕರಾವಳಿ ಸ್ವಲ್ಪ ಹತ್ತಿರವಾಗುತ್ತದೆ. ದಾರಿಯುದ್ದಕ್ಕೂ ಗ್ಯಾಲಸ್ ಊರು ಸುಟ್ಟ. ಯೊಪ್ಪದಲ್ಲಿ 8,400 ಜನರನ್ನು ಕೊಂದರು ಎಂದು ಜೋಸೀಫಸ್ ಬರೆಯುತ್ತಾನೆ. ಲುದ್ದ ಊರಿಗೆ ಬಂದರೆ ಅದು ಬಹುತೇಕ ಖಾಲಿ. ಯೆಹೂದಿಗಳ ಪರ್ಣಶಾಲೆಗಳ ಹಬ್ಬಕ್ಕೆಂದು ಜನರೆಲ್ಲ ಜೆರುಸಲೇಮಿಗೆ ಹೋಗಿದ್ದರು. ಉಳಿದಿದ್ದ 50 ಜನರನ್ನು ಕೊಂದು, ಊರಿಗೆ ಬೆಂಕಿ ಇಟ್ಟು, ಬೇತ್‌ಹೋರೋನ್ ದಾರಿ ಹಿಡಿದು ಬೆಟ್ಟ ಹತ್ತಿದ. ನಗರಕ್ಕೆ ಸುಮಾರು 9 ಕಿಲೋಮೀಟರ್ ದೂರದ ಗಿಬ್ಯೋನ್‌ನಲ್ಲಿ ಡೇರೆ ಹಾಕಿದ.

ಹಬ್ಬಕ್ಕೆ ಜನ ಸೇರಿದ್ದೇ ದಂಗೆಕೋರರಿಗೆ ಅನುಕೂಲವಾಯಿತು. ಅಂದು ಸಬ್ಬತ್, ಕೆಲಸ ನಿಷಿದ್ಧವಾದ ದಿನ. ಆದರೂ ಅವರು ಆಯುಧ ಹಿಡಿದು ನುಗ್ಗಿ ರೋಮನ್ ಸಾಲನ್ನು ಒಡೆದರು. 515 ಜನ ಸತ್ತರು, ಯೆಹೂದಿಗಳ ಕಡೆ 22 ಮಾತ್ರ ಎಂದು ಜೋಸೀಫಸ್ ಹೇಳುತ್ತಾನೆ. ಆ 22 ನನಗೆ ತೀರ ಕಮ್ಮಿ ಅನಿಸುತ್ತದೆ. ಅವನ ಸಂಖ್ಯೆಗಳಲ್ಲಿ ಇಂಥ ಏರುಪೇರು ಜಾಸ್ತಿ.

'ಕಲ್ಲು, ದೊಣ್ಣೆಯ ರೈತರು' ಎನ್ನುವ ಮಾತಿಗೂ ಉತ್ತರ ಇಲ್ಲೇ ಇದೆ. ಮುಂದಿನ ಸಾಲಿನಲ್ಲಿ ಹೋರಾಡಿದವರ ಹೆಸರು ಜೋಸೀಫಸ್ ಕೊಡುತ್ತಾನೆ. ಯೆಹೂದಿ ಧರ್ಮಕ್ಕೆ ಬಂದಿದ್ದ ಅದಿಯಾಬೇನೆ ರಾಜಮನೆತನದ ಇಬ್ಬರು, ಮೊನೊಬಾಜಸ್ ಮತ್ತು ಕೆನೆಡೇಯಸ್. ಪೆರೇಯದ ನೈಗರ್. ಬಾಬಿಲೋನಿನ ಸೀಲಾಸ್, ಇವನು ಅಗ್ರಿಪ್ಪನ ಸೈನ್ಯ ಬಿಟ್ಟು ಬಂದವನು. ಇವರೆಲ್ಲ ಯುದ್ಧ ಕಲಿತವರು. ಆಯುಧಗಳೂ ಇದ್ದವು. ಆ ಬೇಸಿಗೆಯಲ್ಲೇ ಮೆನಾಹೇಮ್ ಎಂಬವನು ಮಸಾದಾ ಕೋಟೆಯಲ್ಲಿದ್ದ ಹಿಂದಿನ ರಾಜ ಹೆರೋದನ ಆಯುಧಾಗಾರ ಒಡೆದಿದ್ದ. ರೈತರು ಇದ್ದರು, ಬಹಳ ಜನ ಇದ್ದರು. ಆದರೆ ಅವರಷ್ಟೇ ಅಲ್ಲ.

ಅದೇ ಹೊತ್ತಿಗೆ ಸೀಮೋನ್ ಬಾರ್ ಗಿಯೋರಾ ಎಂಬವನು ಇನ್ನೂ ಬೇತ್‌ಹೋರೋನ್ ಹತ್ತುತ್ತಿದ್ದ ರೋಮನ್ನರ ಹಿಂದಿನ ಸಾಲಿನ ಮೇಲೆ ಬಿದ್ದ. ಸಾಮಾನು ಹೊತ್ತ ಬಹಳಷ್ಟು ಹೇಸರಗತ್ತೆಗಳನ್ನು ಹೊಡೆದುಕೊಂಡು ನಗರಕ್ಕೆ ಹೋದ. ಇಡೀ ಕಥೆಯಲ್ಲಿ ಎಲ್ಲರೂ ಓದಿ ಮುಂದೆ ಹೋಗುವ ಸಾಲು ಇದು. ನನ್ನ ಪ್ರಕಾರ ಯುದ್ಧ ತಿರುಗಿದ್ದು ಇಲ್ಲಿ. ರೋಮನ್ ಸೈನ್ಯದಲ್ಲಿ ಒಂದು ಡೇರೆಯ ಎಂಟು ಜನರಿಗೆ ಒಂದು ಹೇಸರಗತ್ತೆ ಇರುತ್ತಿತ್ತು. ಡೇರೆ, ಬೀಸುವ ಕಲ್ಲು, ಗುದ್ದಲಿ, ಕಾಳು ಎಲ್ಲ ಅದರ ಬೆನ್ನ ಮೇಲೆ. ಒಂದು ಲೀಜನ್ನಿಗೇ ಆರುನೂರಕ್ಕೂ ಜಾಸ್ತಿ ಪ್ರಾಣಿ ಬೇಕು. ಅವು ಹೋದರೆ ಸೈನಿಕ ಸಾಯುವುದಿಲ್ಲ, ಆದರೆ ಅವನ ದಿನಗಳು ಎಣಿಕೆಗೆ ಬರುತ್ತವೆ. ಊಟ ಎಷ್ಟು ದಿನಕ್ಕಿದೆಯೋ ಅಷ್ಟೇ ದಿನ ಅವನು ಬೆಟ್ಟದ ಮೇಲೆ ನಿಲ್ಲಬಲ್ಲ.

ಆದರೂ ಗ್ಯಾಲಸ್ ಮುಂದೆ ಹೋದ. ನಗರದ ಪಕ್ಕದ ಸ್ಕೋಪಸ್ ಬೆಟ್ಟದಲ್ಲಿ ಮೂರು ದಿನ ಕಾದು, ನಾಲ್ಕನೇ ದಿನ ನಗರದ ಉತ್ತರ ಭಾಗಕ್ಕೆ ನುಗ್ಗಿ ಬೆಜೆಥಾ ಬಡಾವಣೆಗೂ ಕಟ್ಟಿಗೆ ಪೇಟೆಗೂ ಬೆಂಕಿ ಇಟ್ಟ. ಐದು ದಿನ ಗೋಡೆಯ ಮೇಲೆ ದಾಳಿ ನಡೆಯಿತು. ಆರನೇ ದಿನ ಸೈನಿಕರು ಗುರಾಣಿಗಳನ್ನು ತಲೆ ಮೇಲೆ ಚಾವಣಿಯಂತೆ ಜೋಡಿಸಿಕೊಂಡು ದೇವಾಲಯದ ಗೋಡೆಯ ಬುಡ ಅಗೆಯತೊಡಗಿದರು, ಬಾಗಿಲಿಗೆ ಬೆಂಕಿ ಹಚ್ಚಲು ಸಿದ್ಧರಾದರು. ಆಗ ಗ್ಯಾಲಸ್ ಇದ್ದಕ್ಕಿದ್ದಂತೆ ಎಲ್ಲರನ್ನೂ ಹಿಂದಕ್ಕೆ ಕರೆದ.

ಯಾಕೆ? ನಿಮ್ಮ ಹುಡುಗಿ ಹೇಳಿದ ಉತ್ತರ ಇಲ್ಲಿಗೇ ಸೇರುತ್ತದೆ. ಜೋಸೀಫಸ್ ಕೂಡ ದೇವರ ಮಾತು ಎತ್ತುತ್ತಾನೆ, ಆದರೆ ತಿರುಗಿಸಿ ಹೇಳುತ್ತಾನೆ. ದೇವರು ಆಗಲೇ ತನ್ನ ಆಲಯದಿಂದ ಮುಖ ತಿರುಗಿಸಿದ್ದ, ಅದಕ್ಕೇ ಯುದ್ಧ ಅಂದು ಮುಗಿಯಲಿಲ್ಲ ಎನ್ನುವುದು ಅವನ ನಂಬಿಕೆ. ಇನ್ನು ಕ್ರೈಸ್ತರ ವಿಷಯ. ಯುದ್ಧಕ್ಕೆ ಮುಂಚೆ ಜೆರುಸಲೇಮಿನ ಕ್ರೈಸ್ತರು ಪೆಲ್ಲಾ ಊರಿಗೆ ಹೋದರು ಎಂದು 4ನೇ ಶತಮಾನದ ಯುಸೇಬಿಯಸ್ ಬರೆದಿದ್ದಾನೆ. ಅದನ್ನು ಗ್ಯಾಲಸ್‌ನ ಹಿನ್ನಡೆಗೆ ಅವನು ಗಂಟು ಹಾಕಿಲ್ಲ. ಆ ಗಂಟು ಆಮೇಲೆ ಬೋಧಕರು ಹಾಕಿದ್ದು. ಹುಡುಗಿಯ ನಂಬಿಕೆಗೆ ನೋವಾಗುವ ಹಾಗೆ ಹೇಳಬೇಕಿಲ್ಲ. ಯಾರು ಯಾವಾಗ ಬರೆದರು ಎಂದಷ್ಟೇ ತೋರಿಸಿ, ಸಾಕು.

ಜೋಸೀಫಸ್ ಇನ್ನೊಂದು ಕಾರಣವನ್ನೂ ಕೊಡುತ್ತಾನೆ. ಫ್ಲೋರಸ್ ಲಂಚ ಕೊಟ್ಟು ಸೈನ್ಯದ ಅಧಿಕಾರಿಗಳ ಬಾಯಿಂದ ಬೇಡ ಅನ್ನಿಸಿದನಂತೆ. ಇದನ್ನು ನಾನು ನಂಬುವುದಿಲ್ಲ. ಯುದ್ಧವನ್ನೆಲ್ಲ ಫ್ಲೋರಸ್ ತಲೆಗೆ ಕಟ್ಟುವುದು ಜೋಸೀಫಸ್‌ಗೆ ಬೇಕಾಗಿತ್ತು. ಅವನು ಗಲಿಲಾಯದಲ್ಲಿ ದಂಗೆಯ ಸೇನಾಪತಿಯಾಗಿದ್ದು, 67ರಲ್ಲಿ ಶರಣಾಗಿ, ಆಮೇಲೆ ರೋಮಿನಲ್ಲಿ ಚಕ್ರವರ್ತಿಯ ಆಶ್ರಯದಲ್ಲಿ ಕೂತು ಬರೆದವನು. ತನ್ನ ಜನರನ್ನೂ ಬಿಟ್ಟುಕೊಡಬಾರದು, ರೋಮನ್ನೂ ಬೈಯಬಾರದು. ಒಬ್ಬ ಕೆಟ್ಟ ಅಧಿಕಾರಿ ಸಿಕ್ಕರೆ ಎರಡೂ ಕೆಲಸ ಆಗುತ್ತದೆ, ಅಲ್ವಾ?

ಗ್ಯಾಲಸ್‌ನ ಜಾಗದಲ್ಲಿ ನಿಂತು ನೋಡಿ. ಅವನ ಮುಂದೆ ಮೂರು ದಾರಿ ಇದ್ದವು. ದಾಳಿ ಮುಂದುವರಿಸಬಹುದಿತ್ತು. ಆದರೆ ದೇವಾಲಯದ ಗೋಡೆ ಬಿದ್ದರೂ ಒಳಗೆ ಹಬ್ಬಕ್ಕೆ ಬಂದ ಸಾವಿರಾರು ಜನ ಪ್ರಾಣ ಕೊಡಲು ಸಿದ್ಧರಿದ್ದರು. ಸುತ್ತಲಿನ ಬೆಟ್ಟಗಳು ದಂಗೆಕೋರರ ಕೈಯಲ್ಲಿದ್ದವು. ಎರಡನೆಯದು, ಸುಟ್ಟ ಬೆಜೆಥಾದಲ್ಲೇ ಚಳಿಗಾಲ ಕಳೆಯುವುದು. ಮಳೆಗಾಲ ಶುರುವಾಗುವ ಹೊತ್ತು, ಕಾಳು ಬರಬೇಕಾದದ್ದು ಕರಾವಳಿಯಿಂದ, ಹೊರುವ ಪ್ರಾಣಿಗಳು ಸೀಮೋನನ ಪಾಲಾಗಿದ್ದವು. ಅದು ಹಸಿವಿನ ದಾರಿ. ಮೂರನೆಯದು ವಾಪಸ್ ಹೋಗುವುದು. ಅವನು ಆರಿಸಿಕೊಂಡದ್ದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಹೋದ ರೀತಿ ಮಾತ್ರ ತಪ್ಪು.

ಸ್ಕೋಪಸ್‌ನಲ್ಲಿ ಒಂದು ರಾತ್ರಿ ಉಳಿದ. ಮರುದಿನ ಗಿಬ್ಯೋನ್ ಸೇರುವಷ್ಟರಲ್ಲೇ ಅಕ್ಕಪಕ್ಕದಿಂದ ಹೊಡೆತ ತಿಂದು ದೊಡ್ಡ ಅಧಿಕಾರಿಗಳು ಸತ್ತರು. 6ನೇ ಲೀಜನ್ನಿನ ಮುಖ್ಯಸ್ಥ ಪ್ರಿಸ್ಕಸ್ ಅವರಲ್ಲೊಬ್ಬ. ಗಿಬ್ಯೋನ್‌ನಲ್ಲಿ ಏನು ಮಾಡುವುದೆಂದು ತೋಚದೆ ಎರಡು ದಿನ ಕಳೆದ. ಆ ಎರಡು ದಿನದಲ್ಲಿ ಬೆಟ್ಟದ ಮೇಲೆ ವೈರಿಗಳು ಹೆಚ್ಚುತ್ತಲೇ ಹೋದರು. ಕೊನೆಗೆ ಬೇಗ ಹೋಗಬೇಕೆಂದು ಉಳಿದ ಹೇಸರಗತ್ತೆಗಳನ್ನೂ ಕೊಲ್ಲಿಸಿದ. ಬಾಣ, ಈಟಿ ಮತ್ತು ಯಂತ್ರ ಹೊತ್ತವನ್ನು ಮಾತ್ರ ಉಳಿಸಿಕೊಂಡ. ಅವೂ ಎದುರಾಳಿಯ ಕೈಗೆ ಸಿಕ್ಕರೆ ನಮ್ಮ ಮೇಲೇ ಬೀಳುತ್ತವೆ ಎಂಬ ಭಯ.

ಈಗ ಆ ಇಳಿಜಾರು. ಮೇಲಿನ ಬೇತ್‌ಹೋರೋನ್ ಮತ್ತು ಕೆಳಗಿನ ಬೇತ್‌ಹೋರೋನ್ ಎಂದು ಎರಡು ಊರು. ನಡುವೆ ಸುಮಾರು 3 ಕಿಲೋಮೀಟರ್. ಅಷ್ಟರಲ್ಲಿ 200 ಮೀಟರಿನಷ್ಟು ಇಳಿಯಬೇಕು. ದಾರಿ ಬೆಟ್ಟದ ಏಣಿನ ಮೇಲೆ ಹೋಗುತ್ತದೆ, ಪಕ್ಕದಲ್ಲಿ ಕಮರಿ. ಅದು ಎಷ್ಟು ಇಕ್ಕಟ್ಟು ಎನ್ನುವುದಕ್ಕೆ ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮೂದ್‌ನಲ್ಲೇ ಒಂದು ಸಾಕ್ಷಿ ಸಿಗುತ್ತದೆ. ನ್ಯಾಯದ ಬಗ್ಗೆ ಹೇಳುತ್ತಾ ಒಂದು ಉದಾಹರಣೆ ಕೊಡುತ್ತಾರೆ: ಬೇತ್‌ಹೋರೋನ್ ಏರಿನಲ್ಲಿ ಎರಡು ಒಂಟೆ ಎದುರಾದರೆ, ಎರಡೂ ಒಟ್ಟಿಗೆ ಹತ್ತಿದರೆ ಎರಡೂ ಬೀಳುತ್ತವೆ, ಒಂದರ ಹಿಂದೆ ಒಂದು ಹೋದರೆ ಎರಡೂ ಹತ್ತುತ್ತವೆ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಆ ದಾರಿಯಲ್ಲಿ ಸುಮಾರು 30,000 ಜನ ಇಳಿಯಬೇಕು. ಸಾಲಿಗೆ ನಾಲ್ಕು ಜನ, ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಎಂದು ಇಟ್ಟುಕೊಂಡರೂ ಸೈನ್ಯದ ಉದ್ದ 11 ಕಿಲೋಮೀಟರ್ ದಾಟುತ್ತದೆ. ಕುದುರೆ, ಯಂತ್ರ ಬೇರೆ. ಮುಂದಿದ್ದವರು ಇಳಿಜಾರಿನ ತಳ ಮುಟ್ಟಿದಾಗ ಹಿಂದಿದ್ದವರು ಇನ್ನೂ ಗಿಬ್ಯೋನ್ ಹತ್ತಿರ. ಸಂಖ್ಯೆ ದೊಡ್ಡದಿದ್ದಷ್ಟೂ ಕಷ್ಟ ದೊಡ್ಡದು. ಯಾವುದೇ ಒಂದು ಜಾಗದಲ್ಲಿ ನಿಂತು ಹೋರಾಡುವವರು ನಾಲ್ಕೇ ಜನ.

ದಂಗೆಕೋರರು ಇದನ್ನು ಚೆನ್ನಾಗಿ ತಿಳಿದಿದ್ದರು. ಅವರ ಊರು, ಅವರ ದಾರಿ. 230 ವರ್ಷ ಹಿಂದೆ ಯೆಹೂದಿ ನಾಯಕ ಯೂದಾ ಮಕ್ಕಬಿ, ಆಗ ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಕಿಡ್ ಅರಸರ ಸೇನಾಪತಿ ಸೆರೋನನನ್ನು ಸೋಲಿಸಿದ್ದೂ ಇದೇ ಜಾಗದಲ್ಲಿ. ಬಯಲಿನಲ್ಲಿ ಅವರು ಹೆಚ್ಚು ಕಾಡಲಿಲ್ಲ. ಸೈನ್ಯ ಇಕ್ಕಟ್ಟಿಗೆ ಇಳಿದ ಮೇಲೆ ಕೆಲವರು ಮುಂದೆ ಹೋಗಿ ಕೆಳಗಿನ ಬಾಯಿ ಮುಚ್ಚಿದರು. ಕೆಲವರು ಹಿಂದಿನಿಂದ ಕಮರಿಗೆ ತಳ್ಳಿದರು. ಉಳಿದವರು ಮೇಲಿನ ಅಂಚಿನಲ್ಲಿ ನಿಂತು ಬಾಣ ಸುರಿದರು. ಕುದುರೆ ಸವಾರರ ಪಾಡು ಕೇಳಲೇಬೇಡಿ. ಜಾರುವ ದಾರಿಯಲ್ಲಿ ಸಾಲು ಕಟ್ಟಲು ಆಗದು, ಬೆಟ್ಟದ ಮೇಲಕ್ಕೆ ಕುದುರೆ ಹತ್ತದು, ಪಕ್ಕಕ್ಕೆ ಹೋದರೆ ಪ್ರಪಾತ. ಕತ್ತಲಾಗದಿದ್ದರೆ ಗ್ಯಾಲಸ್ ಸೇರಿ ಎಲ್ಲರೂ ಸಿಕ್ಕಿಬೀಳುತ್ತಿದ್ದರು.

ಆ ರಾತ್ರಿ ಉಳಿದವರು ಬೇತ್‌ಹೋರೋನ್ ಊರಿನೊಳಗೆ ಸೇರಿಕೊಂಡರು. ಗ್ಯಾಲಸ್ ಧೈರ್ಯಶಾಲಿಗಳಾದ 400 ಜನರನ್ನು ಆರಿಸಿ ಮಾಳಿಗೆಗಳ ಮೇಲೆ ನಿಲ್ಲಿಸಿದ. ಕಾವಲು ಬದಲಾಗುವಾಗ ಕೂಗುವ ಸಂಕೇತಗಳನ್ನು ರಾತ್ರಿಯೆಲ್ಲ ಕೂಗುತ್ತಿರಿ ಎಂದ. ಇಡೀ ಸೈನ್ಯ ಇಲ್ಲೇ ಇದೆ ಎಂದು ವೈರಿಗಳು ತಿಳಿಯಲಿ ಎಂಬ ಲೆಕ್ಕ. ಉಳಿದವರನ್ನು ಕರೆದುಕೊಂಡು ಸದ್ದಿಲ್ಲದೆ ಸುಮಾರು ಐದೂವರೆ ಕಿಲೋಮೀಟರ್ ಮುಂದೆ ಹೋದ. ಬೆಳಗಾದಾಗ ಮೋಸ ಗೊತ್ತಾಯಿತು. ಆ 400 ಜನ ಅಲ್ಲೇ ಸತ್ತರು. ಅಂತಿಪತ್ರಿಯವರೆಗೆ ಬೆನ್ನಟ್ಟಿದರು. ಓಡುವ ಭರದಲ್ಲಿ ರೋಮನ್ನರು ಕೋಟೆ ಒಡೆಯುವ ಯಂತ್ರಗಳನ್ನೂ ಕವಣೆಗಳನ್ನೂ ಬಿಟ್ಟುಹೋದರು. ಮುಂದೆ ಜೆರುಸಲೇಮಿನ ಗೋಡೆಯ ಮೇಲಿಂದ ರೋಮನ್ನರ ಮೇಲೆಯೇ ಅವು ಕಲ್ಲು ಎಸೆದವು.

ಜೋಸೀಫಸ್ ಲೆಕ್ಕದಲ್ಲಿ ಸತ್ತವರು 5,300 ಕಾಲಾಳು, 480 ಸವಾರರು. ಕೆಲವು ಹಸ್ತಪ್ರತಿಗಳಲ್ಲಿ ಸವಾರರು 380. ಹೆಚ್ಚುಕಮ್ಮಿ ಒಂದು ಲೀಜನ್ನಿನಷ್ಟು ಜನ. ಅದಕ್ಕೇ 'ಲೀಜನ್ ನಾಶ' ಎಂಬ ಮಾತು ಹುಟ್ಟಿರಬೇಕು. ಆದರೆ ಸತ್ತವರು ಬೇರೆ ಬೇರೆ ತುಕಡಿಯವರು. 12ನೇ ಲೀಜನ್ ಅಳಿಯಲಿಲ್ಲ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ಜೊತೆ ಅದೇ ಲೀಜನ್ ಸೇಡಿಗಾಗಿ ಜೆರುಸಲೇಮಿಗೆ ಬಂತು. ಆಮೇಲೆ ಯೂಫ್ರೆಟಿಸ್ ಬದಿಯ ಮೆಲಿಟೀನೆಗೆ ಹೋಯಿತು. ಕೆಲ ವರ್ಷಗಳ ನಂತರ ಅದರ ಒಬ್ಬ ಶತಾಧಿಪತಿ ಇಂದಿನ ಅಜರ್‌ಬೈಜಾನಿನ ಗೊಬುಸ್ತಾನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನ ಈಗಲೂ ಇದೆ. ಹದ್ದಿನ ಲಾಂಛನದ ವಿಷಯ ಬೇರೆ. ಅದು ಹೋಯಿತು ಎಂದು ಬರೆದವನು ರೋಮನ್ ಲೇಖಕ ಸ್ವೆಟೋನಿಯಸ್, ಘಟನೆಯಾದ ಐವತ್ತು ವರ್ಷಗಳ ಮೇಲೆ. ಜೋಸೀಫಸ್ ಆ ಮಾತೇ ಎತ್ತುವುದಿಲ್ಲ. ರೋಮಿನ ಮಾನ ಉಳಿಸಲು ಅವನು ಸುಮ್ಮನಿದ್ದ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಇರಬಹುದು.

ಈಗ ನಿಮ್ಮ ಹುಡುಗರ ಕೊನೇ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು. ಗೆದ್ದವರು ಸೋತದ್ದು ಯಾಕೆ? ಈ ಗೆಲುವೇ ಅವರನ್ನು ಪೂರ್ಣ ಯುದ್ಧಕ್ಕೆ ಎಳೆಯಿತು. ಅಲ್ಲಿಯವರೆಗೆ ನಗರದಲ್ಲಿ ಶಾಂತಿ ಬೇಕು ಎನ್ನುವವರು ಬಹಳ ಇದ್ದರು. ಗೆಲುವಿನ ಹಾಡು ಹಾಡುತ್ತಾ ಜನ ವಾಪಸ್ ಬಂದ ಮೇಲೆ ಅವರ ಬಾಯಿ ಕಟ್ಟಿತು. ಕೆಲವು ಪ್ರಮುಖರು ಊರು ಬಿಟ್ಟರು, ಉಳಿದವರು ದಂಗೆಯ ಜೊತೆ ಸೇರಲೇಬೇಕಾಯಿತು. ಮಾಜಿ ಮಹಾಯಾಜಕ ಅನಾನಸ್ ನಗರದ ಮುಖ್ಯಸ್ಥನಾದ. 'ಇಸ್ರಾಯೇಲಿನ ಶೆಕೆಲ್, ಒಂದನೇ ವರ್ಷ' ಎಂದು ಬೆಳ್ಳಿ ನಾಣ್ಯ ಟಂಕಿಸಿದರು. ಅತ್ತ ದಮಾಸ್ಕಸ್‌ನಲ್ಲಿ ರೋಮನ್ನರ ಸೋಲಿನ ಸುದ್ದಿ ಕೇಳಿ ಅಲ್ಲಿನವರು ತಮ್ಮ ನೆರೆಯ ಯೆಹೂದಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು.

ಇನ್ನು ಕಣಿವೆಯ ತಂತ್ರ ಕಣಿವೆಯಲ್ಲಿ ಮಾತ್ರ ನಡೆಯುತ್ತದೆ. ಗೆಲುವಿನ ಉತ್ಸಾಹದಲ್ಲಿ ಅವರು ಕರಾವಳಿಯ ಅಷ್ಕೆಲೋನ್ ಮೇಲೆ ಹೋದರು. ಅಲ್ಲಿ ಬಯಲು. ಸಣ್ಣ ರೋಮನ್ ತುಕಡಿಯ ಕುದುರೆಗಳು ಅವರನ್ನು ತುಳಿದುಹಾಕಿದವು. ಗಿಬ್ಯೋನ್‌ನ ವೀರರಾದ ನೈಗರ್ ಕಷ್ಟಪಟ್ಟು ಉಳಿದ, ಸೀಲಾಸ್ ಸತ್ತ. ರೋಮ್ ಕೂಡ ಪಾಠ ಕಲಿತಿತು. 67ರಲ್ಲಿ ಬಂದ ಹೊಸ ಸೇನಾಪತಿ ವೆಸ್ಪಾಸಿಯನ್ ಅವಸರ ಮಾಡಲಿಲ್ಲ. ಮುಂದೆ ಬಿಲ್ಲುಗಾರರನ್ನು ಕಳಿಸಿ ಹೊಂಚು ಹಾಕುವ ಕಾಡುಗಳನ್ನು ನೋಡಿಸುತ್ತಿದ್ದ. ಅವರ ಹಿಂದೆ ದಾರಿ ಸರಿಮಾಡುವವರು ಪೊದೆ ಕಡಿದು ನೆಲ ಸಮ ಮಾಡುತ್ತಿದ್ದರು. ಜೆರುಸಲೇಮನ್ನು ಕೊನೆಗೆ ಇಟ್ಟುಕೊಂಡು ಸುತ್ತಲಿನ ಊರುಗಳನ್ನು ಒಂದೊಂದಾಗಿ ಹಿಡಿದ.

ಒಳಜಗಳವೂ ಇತ್ತು. ಹೇಸರಗತ್ತೆ ಹಿಡಿದ ಸೀಮೋನ್ ಬಾರ್ ಗಿಯೋರಾನಿಗೆ ಹೊಸ ಆಡಳಿತ ಅಧಿಕಾರ ಕೊಡಲಿಲ್ಲ. ಗ್ಯಾಲಸ್‌ನಿಂದ ಸಿಕ್ಕ ಹಣ, ಲೂಟಿ ಎಲ್ಲ ಇನ್ನೊಬ್ಬ ಎಲಿಯಾಜರ್‌ನ ಕೈಯಲ್ಲಿತ್ತು (ಇವನು ಬಲಿ ನಿಲ್ಲಿಸಿದವನಲ್ಲ, ಬೇರೊಬ್ಬ ಸೀಮೋನನ ಮಗ), ಅವನಿಗೂ ಕೊಡಲಿಲ್ಲ. ಇಬ್ಬರೂ ಸ್ವಂತ ಗುಂಪು ಕಟ್ಟಿದರು. ಗಿಸ್ಕಾಲಾದ ಯೋಹಾನನದು ಮೂರನೆಯದು. ಟೈಟಸ್ ಬರುವ ಹೊತ್ತಿಗೆ ಇವರ ಜಗಳದಲ್ಲಿ ನಗರದ ಕಾಳಿನ ಉಗ್ರಾಣಗಳೇ ಸುಟ್ಟಿದ್ದವು. 70ರಲ್ಲಿ ದೇವಾಲಯ ಬೆಂಕಿಗೆ ಹೋಯಿತು. ಮರುವರ್ಷ ಟೈಟಸ್‌ನ ವಿಜಯ ಮೆರವಣಿಗೆಯಲ್ಲಿ ಸೀಮೋನನನ್ನು ರೋಮಿನಲ್ಲಿ ಎಳೆದುಕೊಂಡು ಹೋಗಿ ಕೊಂದರು.

ಹಾಗಾದರೆ ತರಗತಿಯಲ್ಲಿ ಹೇಗೆ ಹೇಳುವುದು? ವೀರಗಾಥೆಯಾಗಿ ಹೇಳಿದರೆ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಆದರೆ ಸಣ್ಣ ಸೈನ್ಯಕ್ಕೆ ಧೈರ್ಯ ಇದ್ದರೆ ಸಾಕು ಎಂದು ತಿಳಿಯುತ್ತಾರೆ, 70ನೇ ಇಸವಿ ಅವರಿಗೆ ಅರ್ಥವಾಗುವುದಿಲ್ಲ. ಜೋಸೀಫಸ್ ಸುಳ್ಳುಗಾರ ಎಂದು ಶುರುಮಾಡಿದರೆ ಇತಿಹಾಸವೇ ಸುಳ್ಳು ಎಂಬ ಸಿನಿಕತನ ಬರುತ್ತದೆ. ಅವನು ಲಂಚದ ಬಗ್ಗೆ ಊಹಿಸಿರಬಹುದು, ಆದರೆ ಕಮರಿಯ ಆಳವನ್ನು ಊಹಿಸಲಿಲ್ಲ. ಅದನ್ನು ಇಂದಿಗೂ ಹೋಗಿ ನೋಡಬಹುದು. ನಾನಾದರೆ ನಕ್ಷೆಯಿಂದ ಶುರುಮಾಡುತ್ತೇನೆ. ಕರಾವಳಿ, ಇಳಿಜಾರು, ಗಿಬ್ಯೋನ್, ಜೆರುಸಲೇಮ್ ನಾಲ್ಕು ಚುಕ್ಕೆ ಸಾಕು. ಆಮೇಲೆ ಒಂಟೆಗಳ ಮಾತು. ಆಮೇಲೆ ಮಕ್ಕಳಿಂದಲೇ 30,000 ಜನರ ಸಾಲಿನ ಲೆಕ್ಕ ಮಾಡಿಸಿ. ಯಾರು ಗೆಲ್ಲುತ್ತಾರೆಂದು ನೀವು ಹೇಳುವ ಮುಂಚೆ ಅವರೇ ಹೇಳುತ್ತಾರೆ.

ಸಂಖ್ಯೆ ಬರೆಯುವಾಗ ಪಕ್ಕದಲ್ಲಿ 'ಜೋಸೀಫಸ್ ಪ್ರಕಾರ' ಎಂದು ಬರೆಯಿರಿ, ಹದ್ದಿನ ಪಕ್ಕದಲ್ಲಿ 'ಸ್ವೆಟೋನಿಯಸ್ ಪ್ರಕಾರ' ಎಂದು. ಗ್ಯಾಲಸ್‌ನ ಮೂರು ದಾರಿಗಳನ್ನು ಬೋರ್ಡಿನ ಮೇಲೆ ಹಾಕಿ, ನೀನಾದರೆ ಯಾವುದು ಹಿಡಿಯುತ್ತಿದ್ದೆ ಎಂದು ವಿಡಿಯೊ ನೋಡಿದ ಆ ಹುಡುಗನನ್ನೇ ಮೊದಲು ಕೇಳಿ. ಒಂದು ಪೀರಿಯಡ್ ಸಾಲದು, ಎರಡು ಇಟ್ಟುಕೊಳ್ಳಿ.